ಸೈಕಲ್ಲು ತುಳಿಯುವ ಹೆಣ್ಣುಮಕ್ಕಳೂ ಪುಷ್ಟಿಯ ಡಬ್ಬಿಗಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದನ್ನು ವಾಚಕರು ಬಲ್ಲರು. ಸರ್ಕಾರವು 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡಲಾರಂಭಿಸಿದಂದಿನಿಂದ, ಈ ಬಂಡೆಗುಡ್ಡಗಳ ಸೀಮೆಯಲ್ಲಿ ಹೆಣ್ಣುಮಗಳು ಸೈಕಲ್ಲು ತುಳಿಯುವುದು ಯಾರಿಗೂ ಸೋಜಿಗವಾಗಿ ಉಳಿದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ಹದಿಮೂರೂವರೆ ಗಂಟೆಯೊಳಗೆ 200 ಕಿಲೋಮೀಟರು ಕ್ರಮಿಸಬೇಕಾದ ದೂರಸವಾರಿಗಳಿಗೂ ಈಗ ಹೋಗುತ್ತಾರೆ. ಇದು ನಮಗೆ ಬಹು ಸಂತೋಷದ ಸಂಗತಿ. ಆದರೆ ಇದರ ಬೆನ್ನಿಗೇ ಪೋಷಕರಿಂದ ಒಂದು ಪ್ರಶ್ನೆಯೂ ಬರುತ್ತಿದೆ: ಮಗಳಿಗೆ ಬಲ ಸಾಲದು, ಅಂಗಡಿಯಲ್ಲಿ ಮಾರುವ ಪ್ರೋಟೀನು ಪುಡಿಯ ಡಬ್ಬಿಯನ್ನು ಕೊಡಿಸಬಹುದೇ?

ಬೇಡವೆಂಬುದೇ ನಮ್ಮ ಅಭಿಪ್ರಾಯ. ಡಬ್ಬಿಗಳಲ್ಲಿ ಹುರುಳೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2018ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿ, ಕೆಫೀನು, ಕ್ರಿಯೇಟಿನು, ನೈಟ್ರೇಟು ಮೊದಲಾದ ಕೆಲವೇ ವಸ್ತುಗಳು ಆಟಗಾರರ ಸಾಮರ್ಥ್ಯವನ್ನು ಹೆಚ್ಚಿಸುವುದಕ್ಕೆ ಆಧಾರವುಂಟೆಂದು ಒಪ್ಪಿದ್ದಾರೆ. ಕೆಫೀನು ನಮ್ಮ ಕಾಫಿಯಲ್ಲಿಯೇ ಉಂಟು. ನೈಟ್ರೇಟು ಬೀಟ್‌ರೂಟಿನಲ್ಲಿ ಉಂಟು. ಉಳಿದ ನೂರಾರು ಬಗೆಯ ಡಬ್ಬಿಗಳ ಮೇಲಿರುವುದು ಬಹುಮಟ್ಟಿಗೆ ಬಣ್ಣದ ಚಿತ್ರ.

ದೀರ್ಘ ಸವಾರಿಯಲ್ಲಿ ದೇಹವು ಮೊದಲು ಬೇಡುವುದು ಪ್ರೋಟೀನನ್ನಲ್ಲ, ಪಿಷ್ಟವನ್ನೂ ಸಕ್ಕರೆಯನ್ನೂ. ಮಾಂಸಖಂಡಗಳಲ್ಲಿ ಕೂಡಿಟ್ಟ ಗ್ಲೈಕೋಜನ್ನು ಬಿರುಸಾಗಿ ತುಳಿದರೆ ಒಂದೂವರೆ ಎರಡು ಗಂಟೆಗಳಲ್ಲಿ ಬಹುಪಾಲು ತೀರುತ್ತದೆ. ಆದಕಾರಣ ಗಂಟೆಗೆ 30ರಿಂದ 60 ಗ್ರಾಮಿನಷ್ಟು ಶರ್ಕರವನ್ನು ದಾರಿಯಲ್ಲಿಯೇ ಸೇವಿಸಬೇಕೆಂದು ಬಲ್ಲವರು ಹೇಳುತ್ತಾರೆ. ಎರಡು ಬಾಳೆಯ ಹಣ್ಣು, ಇಲ್ಲವೇ ಒಂದು ದೊಡ್ಡ ಉಂಡೆ ಬೆಲ್ಲ, ಈ ಲೆಕ್ಕಕ್ಕೆ ಸಾಲುತ್ತದೆ. ಪ್ರೋಟೀನು ಬೇಕಾದರೆ ನಮ್ಮ ಸೀಮೆಯ ಕಡಲೆಕಾಯಿಯಲ್ಲಿ 100 ಗ್ರಾಮಿಗೆ ಸುಮಾರು 25 ಗ್ರಾಮು, ಹುರುಳಿಯಲ್ಲಿ ಸುಮಾರು 22 ಗ್ರಾಮು ಇದೆ. ರಾಗಿಯ ಸುಣ್ಣಸತ್ತ್ವವನ್ನು ಹೊಗಳುವ ಅಗತ್ಯವಿಲ್ಲ. 2024ರಿಂದ ಶಾಲೆಗಳಲ್ಲಿಯೇ ರಾಗಿ ಮಾಲ್ಟು ಕೊಡಲು ಸರ್ಕಾರ ತೊಡಗಿತು.

ಹಾಗಾದರೆ ನಮ್ಮ ಹುಡುಗಿಯರು ಏರುದಾರಿಯಲ್ಲಿ ಏದುಸಿರು ಬಿಟ್ಟು ಇಳಿದು ತಳ್ಳುವುದೇಕೆ? ಬಹಳ ಸಲ ಇದಕ್ಕೆ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಉಸಿರಿನ ಪ್ರಾಣವಾಯುವನ್ನು ತೊಡೆಯವರೆಗೆ ಹೊತ್ತೊಯ್ಯುವ ರಕ್ತವೇ ತೆಳುವಾಗಿರುವಾಗ ಪುಡಿ ಏನು ಮಾಡೀತು? ಅದಕ್ಕೆಂದೇ ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಗುಳಿಗೆಯನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಅದು ಕಾಂಪೌಂಡಿನ ಗೋಡೆಯಾಚೆ ಬೀಳುವುದನ್ನು ನಾವು ಕಂಡಿದ್ದೇವೆ! ಹೊಟ್ಟೆ ತೊಳಸುತ್ತದೆಂದು ಮಕ್ಕಳು ಅಂಜುತ್ತಾರೆ. ಮಲ ಕಪ್ಪಾಯಿತೆಂದು ತಾಯಂದಿರು ಗಾಬರಿಗೊಳ್ಳುತ್ತಾರೆ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಕಪ್ಪಾಗುವುದು ಗುಳಿಗೆಯ ಸಹಜ ಗುಣ, ರೋಗವಲ್ಲ. ಊಟದೊಡನೆ ನಿಂಬೆಹುಳಿ ಬಿದ್ದರೆ ಕಬ್ಬಿಣ ಚೆನ್ನಾಗಿ ಒಗ್ಗುತ್ತದೆ. ಊಟವಾದ ಕೂಡಲೇ ಚಹ ಕುಡಿದರೆ ಒಗ್ಗದು. ಸಾವಿರಾರು ರೂಪಾಯಿಯ ಡಬ್ಬಿಯನ್ನು ಕೊಳ್ಳುವ ತಂದೆಯವರು ಈ ಗುಳಿಗೆಯ ವಿಷಯವನ್ನು ಒಮ್ಮೆಯೂ ವಿಚಾರಿಸದಿರುವುದು ನಮಗೆ ವ್ಯಸನವನ್ನುಂಟುಮಾಡುತ್ತದೆ.

ನೀರಿನ ಮಾತೂ ಇದೆ. ಶೌಚಕ್ಕೆ ಸ್ಥಳವಿಲ್ಲವೆಂಬ ಸಂಕೋಚದಿಂದ ಹುಡುಗಿಯರು ಬೆಳಗಿನಿಂದ ನೀರನ್ನೇ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಬಾಯಾರಿ ತುಳಿಯುವವಳಿಗೆ ಉಪ್ಪು ಬೆರೆಸಿದ ಮಜ್ಜಿಗೆಯೇ ಔಷಧಿ. ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಕಾಟವುಂಟಾದ್ದರಿಂದ, ಅಲ್ಲಿಯವರು ಶುದ್ಧೀಕರಿಸಿದ ನೀರನ್ನೇ ಸೀಸೆಗೆ ತುಂಬಿಸಬೇಕು.

ಪಂದ್ಯಗಳಲ್ಲಿ ಭಾಗವಹಿಸುವವರಿಗೆ ಇನ್ನೊಂದು ಅಪಾಯವಿದೆ. ಕೆಲವು ಪುಡಿಗಳಲ್ಲಿ ಚೀಟಿಯ ಮೇಲೆ ನಮೂದಿಸದ ನಿಷಿದ್ಧ ಮದ್ದುಗಳು ಸೇರಿರುವುದುಂಟು. ಉದ್ದೀಪನ ಮದ್ದಿನ ನಿಯಮದಂತೆ, ತಿಳಿದು ಸೇವಿಸಿದರೂ ತಿಳಿಯದೆ ಸೇವಿಸಿದರೂ ಹೊಣೆ ಸವಾರಳದೇ. ಸೈಕಲ್ ಪಂದ್ಯಕ್ಕೆ ಹೆಸರಾದ ವಿಜಯಪುರ, ಬಾಗಲಕೋಟೆಗಳ ಕಡೆಯ ಹುಡುಗಿಯರೊಡನೆ ನಮ್ಮವಳೊಬ್ಬಳು ಸರಿಗಟ್ಟಿ ಓಡುವ ದಿನ ಬಂದಾಗ, ಇಂಥ ಡಬ್ಬಿಯೊಂದು ಅವಳ ಹೆಸರನ್ನು ಕೆಡಿಸಬಾರದು.

ಹಳೆಯ ವಿದ್ಯಾರ್ಥಿನಿಯರು ದೂರಸವಾರಿಗೆ ಹೊರಡುವ ಮೊದಲು, ಪೋಷಕರು ಡಬ್ಬಿ ಕೊಳ್ಳುವ ಮೊದಲು, ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕೆಂದು ಕೋರುತ್ತೇವೆ. ಫಲಿತಾಂಶ 12 ಗ್ರಾಮಿಗಿಂತ ಕೆಳಗಿದ್ದರೆ ಅಂಗಡಿಗೆ ಹೋಗದೆ ವೈದ್ಯರನ್ನೇ ಕಾಣಿರಿ.