ನಾಲ್ಕರಿಂದ ಏಳರವರೆಗೆ

ಸೊಸೆಯಿಂದ ‘ಸಿಲ್ಕ್ ಬೋರ್ಡ್ ದಾಟಿತು’ ಎಂದು ಮೆಸೇಜು ಬಂತೆಂದರೆ, ಬನಶಂಕರಿಯ ನಮ್ಮ ಮನೆಯಲ್ಲಿ ಅದರ ಅರ್ಥ, ತಟ್ಟೆ ಹಾಕಲು ಇನ್ನೂ ಮುಕ್ಕಾಲು ಗಂಟೆ ಇದೆ ಎಂದು. ಮಳೆ ಬಿದ್ದಿದ್ದರೆ ಒಂದೂವರೆ ಗಂಟೆ. ಮಗ ಬರುವುದು ಅದಕ್ಕೂ ತಡ. ಬರುವಾಗ ಇಬ್ಬರ ಮುಖವೂ ಬಾಡಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಯಾರೂ ಏನೂ ಕೇಳದಿದ್ದರೆ ಸಾಕು ಎನ್ನುವ ಹಾಗಿರುತ್ತಾರೆ. ಈ ಊರಿನ ಎಷ್ಟೋ ಮನೆಗಳ ಕಥೆ ಇದೇ. ಅದಕ್ಕೇ ಈ ವಾರ ರಾತ್ರಿಯ ಊಟದ ಬಗ್ಗೆ ಬರೆಯೋಣ ಅಂದುಕೊಂಡೆ. ‘ನೀವು? ಅಡುಗೆ ವಿಷಯ?’ ಎಂದು ನಮ್ಮಾಕೆ ನಕ್ಕಳು. ನಗಲಿ. ನಗಲು ಅವಳಿಗೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಹೋದ ವರ್ಷ ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೊದಲು ಎಡಗಣ್ಣು, ತಿಂಗಳು ಬಿಟ್ಟು ಬಲಗಣ್ಣು. ಒಲೆಯ ಮುಂದೆ ನಿಲ್ಲಬಾರದು, ಹೊಗೆ ತಾಗಬಾರದು, ಒಗ್ಗರಣೆಯ ಹನಿ ಸಿಡಿಯಬಾರದು ಎಂದು ವೈದ್ಯರು ಖಂಡಿತವಾಗಿ ಹೇಳಿದರು. ಬೆಳಗಿನ ಅಡುಗೆ ಸೊಸೆ ಹೇಗೋ ಮಾಡಿಡುತ್ತಿದ್ದಳು. ರಾತ್ರಿಯದು ಯಾರು? ‘ಆರ್ಡರ್ ಮಾಡೋಣ ಬಿಡಿ’ ಎಂದ ಮಗ. ಮೊದಲ ಮೂರು ದಿನ ಹಬ್ಬದ ಹಾಗಿತ್ತು. ಮೊಮ್ಮಗಳಿಗಂತೂ ಕುಣಿದಾಟ. ನಾಲ್ಕನೆಯ ದಿನಕ್ಕೆ ನನ್ನ ಹೊಟ್ಟೆ ತಕರಾರು ತೆಗೆಯಿತು. ಎಂಟನೆಯ ದಿನಕ್ಕೆ ಪ್ಲಾಸ್ಟಿಕ್ ಡಬ್ಬಿಗಳ ರಾಶಿ ಸಿಂಕಿನ ಕೆಳಗೆ ಹಿಡಿಸದಾಯಿತು.

ಒಂದು ರಾತ್ರಿ ಊಟ ಬಂದು ಬಾಗಿಲು ತಟ್ಟಿದಾಗ ಗಂಟೆ 9.40. ಮೊಮ್ಮಗಳು ಸೋಫಾದ ಮೇಲೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಯೂನಿಫಾರಂ ಕೂಡ ಬಿಚ್ಚಿರಲಿಲ್ಲ. ಎಬ್ಬಿಸಿದರೆ ಎರಡು ತುತ್ತು ತಿಂದು ಮತ್ತೆ ಮಲಗಿದಳು. ನಾನು ಅವಳ ಎದುರಿಗೇ ಸಂಜೆ ನಾಲ್ಕು ಗಂಟೆಯಿಂದ ಕುಳಿತಿದ್ದವನು. ಪೇಪರು ಓದುತ್ತಿದ್ದೆ. ಪೇಪರಿನಲ್ಲಿ ಓದಲು ಉಳಿದದ್ದು ಬಾಳೆಹಣ್ಣಿನ ರೇಟು ಮಾತ್ರ. ಐದು ಗಂಟೆಗೂ ಹೆಚ್ಚು ಹೊತ್ತು ಸುಮ್ಮನೆ ಕುಳಿತ ಮುದುಕ ಒಬ್ಬ, ಹಸಿದು ಮಲಗಿದ ಮಗು ಒಂದು, ಒಂದೇ ಹಾಲಿನಲ್ಲಿ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಹುಗ್ಗಿ ಮಾಡಲು ಹೊರಟೆ. ಎಪ್ಪತ್ತು ದಾಟಿದವನಿಗೆ ಮೊದಲ ಅಡುಗೆ. ಅಕ್ಕಿ ಬೇಳೆ ತೊಳೆದೆ, ನೀರು ಹಾಕಿದೆ, ಕುಕ್ಕರ್ ಮುಚ್ಚಿ ಒಲೆ ಹಚ್ಚಿದೆ. ಹತ್ತು ನಿಮಿಷ ಆಯಿತು, ಹದಿನೈದಾಯಿತು, ಸೀಟಿ ಕೂಗಲಿಲ್ಲ. ಸುತ್ತಲೂ ಬುಸ್ ಬುಸ್ ಎಂದು ಹಬೆ ಬರುತ್ತಿತ್ತು. ಇಪ್ಪತ್ತೈದನೆಯ ನಿಮಿಷಕ್ಕೆ ಸೀದ ವಾಸನೆ. ಅಷ್ಟರಲ್ಲಿ ನೀರು ಕುಡಿಯಲು ಬಂದ ಮೊಮ್ಮಗಳು ನಲ್ಲಿಯ ಕಡೆ ಕೈ ತೋರಿಸಿ, ‘ತಾತಾ, ಆ ರಬ್ಬರ್ ಬಳೆ ಯಾಕೆ ಅಲ್ಲಿ ನೇತಾಡ್ತಿದೆ?’ ಎಂದಳು. ಕುಕ್ಕರಿನ ಗ್ಯಾಸ್ಕೆಟ್ಟು! ಒಣಗಲಿ ಎಂದು ಸೊಸೆ ಬೆಳಿಗ್ಗೆ ನಲ್ಲಿಗೆ ತಗುಲಿಹಾಕಿದ್ದಳು. ರೂಮಿನಲ್ಲಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಮಲಗಿದ್ದ ನಮ್ಮಾಕೆ ನಕ್ಕ ಸದ್ದು ಅಡುಗೆಮನೆಗೆ ಕೇಳಿಸಿತು. ಈಗಲೂ ನಗುವುದು ಅದಕ್ಕೇ.

ಮಕ್ಕಳೇ, ಆ ಬಳೆ ಏಕೆ ಬೇಕು ಗೊತ್ತೆ? ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗಿಬಿಡುತ್ತದೆ. ಕುಕ್ಕರಿನಲ್ಲಿ ಆ ಆವಿ ಹೊರಗೆ ಹೋಗದಂತೆ ಬಳೆ ತಡೆಯುತ್ತದೆ. ಒಳಗೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ನೀರು ಕುದಿಯುವ ಬಿಸಿಯೂ ಏರಿ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಬೇಳೆ ಬೇಗ ಬೇಯುವುದು ಆ ಹೆಚ್ಚಿನ ಇಪ್ಪತ್ತು ಡಿಗ್ರಿಯಿಂದ. ಸೀಟಿ ನಿಂತ ಮೇಲೂ ಒಳಗೆ ಒತ್ತಡ ಇಳಿಯುವ ತನಕ ಮುಚ್ಚಳ ತೆಗೆಯಬಾರದು. ಕುಕ್ಕರ್ ಮುಟ್ಟುವುದು ದೊಡ್ಡವರೇ.

ಎರಡನೆಯ ದಿನ ಹುಗ್ಗಿ ಬಂತು. ಲೆಕ್ಕ ಬರೆದುಕೊಳ್ಳಿ. ಐದು ಜನಕ್ಕೆ ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ, ಆರು ಲೋಟ ನೀರು. ಬೇಳೆಯನ್ನು ಘಮ್ಮೆನ್ನುವ ತನಕ ಬಾಣಲೆಯಲ್ಲಿ ಬೆಚ್ಚಗೆ ಹುರಿಯಬೇಕು, ಕೆಂಪಾಗಬಾರದು. ಚಿಟಿಕೆ ಅರಿಶಿನ ಹಾಕಿ ನಾಲ್ಕು ಸೀಟಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಬೇಳೆ ನೊರೆ ಕಟ್ಟಿ ಸೀಟಿಯ ತೂತಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ತುಪ್ಪದಲ್ಲಿ ಜೀರಿಗೆ, ಒಡೆದ ಮೆಣಸು, ಶುಂಠಿ, ಕರಿಬೇವು. ಒಂದು ಹಿಡಿ ಕಾಯಿತುರಿ, ಉಪ್ಪು. ಮನೆಯಲ್ಲಿ ಬಟಾಣಿಯೋ ಅವರೆಕಾಳೋ ಇದ್ದರೆ ಅಕ್ಕಿಯ ಜೊತೆಗೇ ಹಾಕಿ. ಪಕ್ಕಕ್ಕೆ ಸೌತೆಕಾಯಿ ಮೊಸರುಬಜ್ಜಿ. ಎಲ್ಲ ಸೇರಿ ಅರ್ಧ ಗಂಟೆ.

ಇದರಲ್ಲಿ ನಾನು ಕಲಿತ ಮುಖ್ಯ ಪಾಠ ಹುಗ್ಗಿಯದಲ್ಲ. ನಮ್ಮಾಕೆ ಒಳಗಿನಿಂದ ಕಿವಿಯಲ್ಲೇ ಅಡುಗೆ ನೋಡುತ್ತಿದ್ದಳು. ‘ಸಾಸಿವೆ ಸಿಡಿದ ಸದ್ದೇ ಬರಲಿಲ್ಲ, ಆಗಲೇ ಬೇಳೆ ಹಾಕಿಬಿಟ್ಟಿರಾ?’ ‘ಎಣ್ಣೆ ಹೆಚ್ಚು ಕಾಯಿತು, ಉರಿ ತಗ್ಗಿಸಿ.’ ಎದ್ದು ಬಂದು ನೋಡುವ ಹಾಗಿಲ್ಲ, ಆದರೂ ಒಂದೂ ತಪ್ಪುತ್ತಿರಲಿಲ್ಲ. ಇಷ್ಟು ವರ್ಷ ಏಳೂವರೆಗೆ ತಟ್ಟೆ ತಾನಾಗಿಯೇ ಬಂದು ಕೂರುತ್ತದೆ ಎಂದು ನಾನು ತಿಳಿದಿದ್ದೆ. ಅವಳ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಗೊತ್ತಾಯಿತು. ಸಾರಿನ ಪುಡಿ, ಚಟ್ನಿಪುಡಿ, ಹುರಿದಿಟ್ಟ ರವೆ, ಬೀಜ ತೆಗೆದ ಹುಣಸೆಹಣ್ಣು. ಇಪ್ಪತ್ತು ನಿಮಿಷದ ಅಡುಗೆ ಎಂದು ನಾವು ಹೇಳುವುದರಲ್ಲಿ ಉಳಿದ ಕೆಲಸವೆಲ್ಲ ಮಧ್ಯಾಹ್ನ ಎರಡು ಗಂಟೆಗೋ, ಹೋದ ಭಾನುವಾರವೋ ಆಗಿಹೋಗಿರುತ್ತದೆ. ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ ಓಪನಿಂಗ್ ಬ್ಯಾಲೆನ್ಸು. ಅದಿಲ್ಲದೆ ಸಂಜೆ ಚೆಕ್ಕು ಬರೆದರೆ ಪಾಸಾಗುವುದಿಲ್ಲ.

ಅವಲಕ್ಕಿಯನ್ನೇ ನೋಡಿ. ಅದು ಬೇಗ ಆಗುತ್ತದೆ ಏಕೆ? ಭತ್ತವನ್ನು ನೆನೆಹಾಕಿ, ಬಿಸಿಯಾಗಿ ಹುರಿದು, ಆಮೇಲೆ ತಟ್ಟಿ ಚಪ್ಪಟೆ ಮಾಡಿರುತ್ತಾರೆ. ನಮ್ಮ ಕೈಗೆ ಬರುವ ಹೊತ್ತಿಗೆ ಅದು ಮುಕ್ಕಾಲು ಪಾಲು ಅಡುಗೆಯಾಗಿಯೇ ಬಂದಿರುತ್ತದೆ. ಕುಚೇಲನ ಹೆಂಡತಿ ಕೃಷ್ಣನಿಗೆ ಎಂದು ಅಕ್ಕಿ ಕಟ್ಟದೆ ಅವಲಕ್ಕಿ ಕಟ್ಟಿದ್ದು ಬಡತನಕ್ಕಷ್ಟೇ ಅಲ್ಲ, ದಾರಿಯಲ್ಲಿ ಒಲೆ ಬೇಡ ಎಂದೂ ಇರಬೇಕು. ಇದು ನನ್ನ ಊಹೆ, ಪುರಾಣ ಬಲ್ಲವರು ಬೈಯಬಾರದು.

ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಗೊಜ್ಜವಲಕ್ಕಿ. ಏಕಾದಶಿಗೂ ಕೃಷ್ಣಾಷ್ಟಮಿಗೂ ಮಾಡುವುದು ಎಂದು ಅದನ್ನು ಹಬ್ಬದ ಪಟ್ಟಿಗೆ ಸೇರಿಸಿಬಿಟ್ಟಿದ್ದೇವೆ, ಆದರೆ ಬುಧವಾರದ ರಾತ್ರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹಾಗೆ ತರಿತರಿಯಾಗಿ ಮಾಡಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಎರಡು ಲೋಟ ರವೆಗೆ ನಿಂಬೆಗಾತ್ರದ ಹುಣಸೆಹಣ್ಣು. ಅದರ ರಸಕ್ಕೆ ಬೆಲ್ಲ, ಉಪ್ಪು, ಎರಡು ಚಮಚ ಸಾರಿನ ಪುಡಿ ಕಲಸಿ, ಸುಮಾರು ಒಂದೂವರೆ ಲೋಟ ಆಗುವಂತೆ ನೀರು ಬೆರೆಸಿ ರವೆಗೆ ಹಾಕಿಡಿ. ಇಪ್ಪತ್ತು ನಿಮಿಷದಲ್ಲಿ ಅದು ರಸ ಕುಡಿದು ಉದುರುದುರಾಗಿ ಅರಳುತ್ತದೆ. ಕಡಲೆಕಾಯಿಬೀಜ ಹಾಕಿದ ಒಗ್ಗರಣೆ, ಮೇಲೆ ಕೊಬ್ಬರಿ ತುರಿ. ನೀರು ಹೆಚ್ಚಾದರೆ ಮುದ್ದೆಯಾಗುತ್ತದೆ. ನನ್ನದು ಎರಡು ಸಲ ಆಯಿತು. ಮೊಸರು ಹಾಕಿಕೊಂಡು ತಿಂದೆವು.

ಒಲೆಯನ್ನೇ ಹಚ್ಚದ ಊಟ ನೋಡಬೇಕಾದರೆ ಉತ್ತರ ಕರ್ನಾಟಕಕ್ಕೆ ಹೋಗಬೇಕು. ನನ್ನ ಮೊದಲ ಕೆಲಸ ಧಾರವಾಡದ ಕಡೆ. ಮದುವೆಯಾಗಿರಲಿಲ್ಲ, ಕೋಣೆಯಲ್ಲಿ ಸ್ಟೌ ಇರಲಿಲ್ಲ. ಲೆಕ್ಕ ತಾಳೆಯಾಗದ ದಿನಗಳಲ್ಲಿ ಬ್ಯಾಂಕಿನಿಂದ ಹೊರಡುವಾಗ ಹೋಟೆಲು ಮುಚ್ಚಿರುತ್ತಿತ್ತು. ಮನೆಯೊಡತಿ ಒಂದು ದಿನ ಏನೂ ಹೇಳದೆ ಬಾಗಿಲ ಬಳಿ ಒಂದು ಬುಟ್ಟಿ ಇಟ್ಟುಹೋದರು. ತೆಳ್ಳಗೆ ತಟ್ಟಿ ಗರಿಗರಿಯಾಗಿ ಒಣಗಿಸಿದ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಈರುಳ್ಳಿ. ಪಕ್ಕದಲ್ಲಿ ಒಂದು ಗಡಿಗೆಯಲ್ಲಿ ಕೆನೆಮೊಸರು. ಮುರಿಯುವ ಸದ್ದಿಗೇ ಅರ್ಧ ಹೊಟ್ಟೆ ತುಂಬುತ್ತಿತ್ತು. ಒಣಗಿಸಿದ ರೊಟ್ಟಿ ಕೆಡದೆ ಎಷ್ಟೋ ವಾರ ಇರುತ್ತದೆ. ಈಗ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ, ನಮ್ಮಲ್ಲಿ ಒಂದು ಕಟ್ಟು ಯಾವಾಗಲೂ ಇರುತ್ತದೆ. ಹತ್ತು ನಿಮಿಷ ಪುರುಸೊತ್ತಿದ್ದರೆ ಜುಣಕ ಮಾಡುತ್ತೇನೆ. ಈರುಳ್ಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆಗೆ, ಒಂದು ಲೋಟ ಕಡಲೆಹಿಟ್ಟನ್ನು ಎರಡು ಲೋಟ ನೀರಿನಲ್ಲಿ ಗಂಟಿಲ್ಲದೆ ಕದಡಿ ಸುರಿದು, ಹಸಿವಾಸನೆ ಹೋಗುವ ತನಕ ತಿರುವಬೇಕು. ಹಲ್ಲಿನ ತೊಂದರೆ ಇರುವ ನನ್ನ ವಯಸ್ಸಿನವರು ರೊಟ್ಟಿಯನ್ನು ಮೊಸರಿನಲ್ಲಿ ಐದು ನಿಮಿಷ ನೆನೆಸಿ ತಿನ್ನಬಹುದು. ಸಂಕೋಚ ಬೇಡ, ಯಾರೂ ನೋಡುವುದಿಲ್ಲ.

ಮಲೆನಾಡಿನವರದ್ದು ತಂಬುಳಿ. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಇದ್ದರೆ ಸಾಕು. ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸು, ಇಷ್ಟನ್ನೂ ತುಪ್ಪದಲ್ಲಿ ಬಾಡಿಸಿ, ಆರಿದ ಮೇಲೆ ಒಂದು ಹಿಡಿ ಕಾಯಿತುರಿಯ ಜೊತೆ ರುಬ್ಬಿ, ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ ಸಾಸಿವೆ ಒಗ್ಗರಣೆ ಕೊಡಿ. ಕುದಿಸುವ ಹಾಗಿಲ್ಲ. ಬಿಸಿ ಅನ್ನಕ್ಕೆ ಕಲಸಿದರೆ ಮೊಮ್ಮಗಳು ಎರಡನೆಯ ಸಲ ಕೇಳುತ್ತಾಳೆ. ಹಸಿರು ಎಂದರೆ ಮೂಗು ಮುರಿಯುವವಳು, ಆದರೆ ಎಲೆ ತಾನೇ ಕಿತ್ತದ್ದಲ್ಲವೇ!

ಅಕ್ಕಿ ಶಾವಿಗೆ, ಗೋಧಿ ದೋಸೆ, ಟೊಮೆಟೊ ಸಾರು ನಿಮಗೆಲ್ಲ ಗೊತ್ತಿರುವುದೇ, ಬರೆಯುವುದಿಲ್ಲ. ಚಿತ್ರಾನ್ನಕ್ಕೆ ಮಾತ್ರ ಒಂದು ಮಾತು. ಬೆಳಗಿನ ಅನ್ನವನ್ನು ರಾತ್ರಿಯವರೆಗೆ ಹೊರಗೆ ಇಟ್ಟು ಒಗ್ಗರಣೆ ಹಾಕಬೇಡಿ. ಅನ್ನ ಆರಿದ ಕೂಡಲೇ ಫ್ರಿಜ್ಜಿಗೆ ಹೋಗಲಿ. ಹಳಸಿದ್ದನ್ನು ನಿಂಬೆರಸ ಮುಚ್ಚಬಹುದು, ಹೊಟ್ಟೆ ಮುಚ್ಚುವುದಿಲ್ಲ.

ಮನೆಯ ದುಡಿಯುವವರಿಗೆ ಸಂಜೆ ನಾಲ್ಕರಿಂದ ಏಳರವರೆಗಿನ ಹೊತ್ತು ಇಲ್ಲ. ಆ ಹೊತ್ತು ಇರುವುದು ಎರಡು ಜಾತಿಯವರಿಗೆ, ಸ್ಕೂಲು ಮುಗಿಸಿ ಬಂದವರಿಗೆ ಮತ್ತು ನೌಕರಿ ಮುಗಿಸಿ ಬಂದವರಿಗೆ. ಅಂದರೆ ಈ ಪುಟ ಓದುತ್ತಿರುವ ನಿಮಗೆ. ನಮ್ಮಲ್ಲಿ ಕೆಲಸ ಹಂಚಿಕೆಯಾಗಿದೆ. ಬಟಾಣಿ ಸುಲಿಯುವುದು, ಕರಿಬೇವು ಬಿಡಿಸುವುದು, ಹುಣಸೆ ಹಿಂಡುವುದು, ಲೋಟದಲ್ಲಿ ಅಳೆಯುವುದು ಮೊಮ್ಮಗಳದ್ದು. ಅಳತೆಯಲ್ಲಿ ಅವಳು ನನಗಿಂತ ಕಟ್ಟುನಿಟ್ಟು. ಮುಕ್ಕಾಲು ಲೋಟ ಎಂದರೆ ಬಗ್ಗಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾಳೆ. ಭಿನ್ನರಾಶಿ ಅವಳಿಗೆ ಪುಸ್ತಕದಲ್ಲಿ ತಿಳಿಯದ್ದು ಅಲ್ಲಿ ತಿಳಿಯಿತು. ಚಾಕು, ಮಿಕ್ಸಿ, ಒಲೆ ನನ್ನದು. ಮೊಮ್ಮಗಳು ಸುಲಿಯುತ್ತಾ ಸ್ಕೂಲಿನ ಸುದ್ದಿ ಹೇಳುತ್ತಾಳೆ. ‘ಇವತ್ತು ಏನಾಯಿತು?’ ಎಂದು ಅವಳಮ್ಮ ಕೇಳಿದರೆ ‘ಏನಿಲ್ಲ’ ಎನ್ನುವವಳು, ಬಟಾಣಿಯ ಮುಂದೆ ಎಲ್ಲವನ್ನೂ ಹೇಳಿದಳು. ಬಸ್ಸಿನಲ್ಲಿ ಯಾರೋ ದೊಡ್ಡ ಹುಡುಗಿ ದಿನವೂ ಇವಳ ಸೀಟು ಕಿತ್ತುಕೊಳ್ಳುತ್ತಾಳೆ ಎಂಬುದು ನಮಗೆ ಗೊತ್ತಾದದ್ದು ಹಾಗೆಯೇ.

ನಮ್ಮಾಕೆಯ ಎರಡೂ ಕಣ್ಣು ಈಗ ಚೆನ್ನಾಗಿವೆ. ಅಡುಗೆಮನೆಗೆ ಮರಳಿದ ಮೊದಲ ದಿನ ಡಬ್ಬಿಗಳನ್ನೆಲ್ಲ ತೆರೆದು ತಪಾಸಣೆ ಮಾಡಿದಳು. ಸಾಸಿವೆ ಡಬ್ಬಿಯಲ್ಲಿ ಜೀರಿಗೆ ಸಿಕ್ಕಿತು. ಬಾಣಲೆಯ ತಳ ಹಿಡಿದು ಬೆಳಕಿಗೆ ತೋರಿಸಿದಳು, ಏನೂ ಹೇಳಲಿಲ್ಲ. ನನ್ನ ಕೆಲಸ ಇಲ್ಲಿಗೆ ಮುಗಿಯಿತು ಎಂದುಕೊಂಡು ಪೇಪರು ಹಿಡಿದು ಹಾಲಿಗೆ ಹೊರಟೆ. ‘ಎಲ್ಲಿಗೆ? ಮಂಗಳವಾರ, ಗುರುವಾರ ನಿಮ್ಮದೇ ಇರಲಿ. ಆ ಎರಡು ದಿನ ಸಂಜೆ ನಾನು ಭಜನೆಗೆ ಹೋಗುತ್ತೇನೆ’ ಎಂದಳು. ಇಷ್ಟು ವರ್ಷ ಆ ಭಜನಾ ಮಂಡಳಿ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಹೋಗಬೇಕೆಂದು ಅವಳಿಗೆ ಆಸೆಯಿತ್ತೆಂದು ನನಗೆ ಗೊತ್ತಿರಲಿಲ್ಲ.

ಇವತ್ತು ಗುರುವಾರ. ಗಂಟೆ ನಾಲ್ಕೂಕಾಲು. ಸ್ಕೂಲ್ ಬಸ್ಸು ಬಂತು, ದೊಡ್ಡಪತ್ರೆಗೆ ಬೆಳಿಗ್ಗೆ ನೀರು ಹಾಕಿದ್ದೇನೆ, ಗ್ಯಾಸ್ಕೆಟ್ಟು ಕುಕ್ಕರಿನಲ್ಲೇ ಇದೆ.