ಧ್ರುವ ಸಮುದ್ರಗಳ ಜೀವರಾಶಿ: ಮೊದಲು ಯಾವುದನ್ನು ಅರಿಯಬೇಕು?

ಸಂಜೆ ಕಾಲೇಜು ಮುಗಿಸಿ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿದರೆ, ಕೋರಮಂಡಲ್ ಮತ್ತು ಊರಿಗಾಂ ದಾಟುವ ಹೊತ್ತಿಗೆ ಕಿಟಕಿಯಾಚೆ ಬೂದುಬಣ್ಣದ ದಿಬ್ಬಗಳು ಕಾಣತೊಡಗುತ್ತವೆ. ನಾವು ಅವನ್ನು ಸಯನೈಡ್ ದಿಬ್ಬಗಳೆನ್ನುತ್ತೇವೆ. ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಹುಡಿಯೇ ಹೀಗೆ ಬೆಟ್ಟವಾಗಿ ನಿಂತಿದೆ. ಇಂಥ ಊರಿನವನೊಬ್ಬ, ಅದೂ ಬಿ.ಎ. ತರಗತಿಯ ವಿದ್ಯಾರ್ಥಿ, ಸಾವಿರಾರು ಮೈಲಿಯಾಚೆಯ ಧ್ರುವ ಸಮುದ್ರದ ಮಾತನ್ನೆತ್ತಿದರೆ ಅಧ್ಯಾಪಕರು ಮುಗುಳ್ನಗಬಹುದು, ಗೆಳೆಯರು ಹಾಸ್ಯಮಾಡಬಹುದು. ಆದರೂ ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆನ್ನಿಸಿದೆ. ಏಕೆಂದರೆ, ಆ ಸಮುದ್ರದಲ್ಲಿ ಇಂದು ನಡೆಯುತ್ತಿರುವುದನ್ನು ಓದಿದಾಗ ನನಗೆ ನೆನಪಾದುದು ನಮ್ಮೂರಿನ ದಿಬ್ಬಗಳೇ.

ನಮ್ಮ ಊರಿಗೂ ಧ್ರುವಕ್ಕೂ ನಂಟೇ ಇಲ್ಲವೆನ್ನುವಂತಿಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಕುಳಿತು, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಗುರುತನ್ನು ಕಂಡುಹಿಡಿದರು. ಅದೇ ಜಾತಿಯ ಕಣಗಳನ್ನು ಹುಡುಕುವ ಐಸ್‌ಕ್ಯೂಬ್ ಎಂಬ ವೀಕ್ಷಣಾಲಯವು 2010ರಲ್ಲಿ ದಕ್ಷಿಣ ಧ್ರುವದ ಹಿಮದೊಳಗೆ ಸಿದ್ಧವಾಯಿತು. ಇಲ್ಲಿಯ ಬಂಡೆ ಮತ್ತು ಅಲ್ಲಿಯ ಹಿಮ ಒಂದೇ ಪ್ರಶ್ನೆಗೆ ಉತ್ತರ ಹುಡುಕಲು ನೆರವಾದವು. ನೆಲದಾಳದ ಕತ್ತಲಲ್ಲಿ ವರ್ಷಗಟ್ಟಲೆ ಕಾದು ಅಳೆಯುವ ತಾಳ್ಮೆಗೆ ಮಾತ್ರ ಕೆಲವು ಸತ್ಯಗಳು ದಕ್ಕುತ್ತವೆಂಬುದು ನಮ್ಮೂರಿಗೆ ಗೊತ್ತಿರುವ ಮಾತು.

ಈಗ ಧ್ರುವ ಸಮುದ್ರದ ಸಂಗತಿ. ದಕ್ಷಿಣದ ಹಿಮಸಮುದ್ರದಲ್ಲಿ ಬದುಕಿನ ಬುನಾದಿ ಎರಡು: ನೀರಿನಲ್ಲಿಯೂ ಹಿಮದ ತಳದಲ್ಲಿಯೂ ಬೆಳೆಯುವ ಸೂಕ್ಷ್ಮ ಪಾಚಿ, ಮತ್ತು ಅದನ್ನು ಮೇಯುವ ಕ್ರಿಲ್ ಎಂಬ ಸಿಗಡಿಯಂಥ ಜೀವಿ. ಕ್ರಿಲ್ ಬೆಳೆದರೂ ನಮ್ಮ ಕಿರುಬೆರಳಿನಷ್ಟೇ ಉದ್ದ. ಆದರೆ ತಿಮಿಂಗಿಲ, ಸೀಲ್, ಪೆಂಗ್ವಿನ್, ಮೀನು ಇವೆಲ್ಲಕ್ಕೂ ಅದೇ ಅನ್ನ. ಕ್ರಿಲ್ಲಿನ ಮರಿಗಳು ಚಳಿಗಾಲವನ್ನು ಕಳೆಯುವುದು ಸಮುದ್ರದ ಮೇಲೆ ಹೆಪ್ಪುಗಟ್ಟಿದ ಹಿಮದ ಕೆಳಗೆ, ಅದರ ತಳಕ್ಕಂಟಿದ ಪಾಚಿಯನ್ನು ತಿಂದು. ಹಿಮವೇ ಅವುಗಳಿಗೆ ಮಾಡು, ಹಿಮವೇ ಹೊಲ. ಭೂಮಿಯ ಕಾವು ಏರಿದಂತೆ ಆ ಹೊಲವೇ ಕುಗ್ಗುವ ಭಯ ಬಂದಿದೆ. 2023ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕದ ಸುತ್ತಣ ಸಮುದ್ರಹಿಮವು, ಉಪಗ್ರಹಗಳು ಅಳೆಯತೊಡಗಿದಂದಿನಿಂದ ಎಂದೂ ಕಾಣದಷ್ಟು ಕುಗ್ಗಿತು. ಅದಕ್ಕೆ ಮುನ್ನ, 2022ರಲ್ಲಿ, ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ದಡದ ಐದು ಎಂಪರರ್ ಪೆಂಗ್ವಿನ್ ನೆಲೆಗಳ ಪೈಕಿ ನಾಲ್ಕರಲ್ಲಿ, ಮರಿಗಳಿಗೆ ನೀರು ತಡೆಯುವ ಗರಿ ಮೂಡುವ ಮೊದಲೇ ಕಾಲಡಿಯ ಹಿಮ ಒಡೆದುಹೋಯಿತು. ಆ ನೆಲೆಗಳಲ್ಲಿ ಆ ವರ್ಷ ಒಂದು ಮರಿಯೂ ಉಳಿದಂತೆ ಕಾಣಲಿಲ್ಲ.

ಹಿಮ ಹೀಗೆ ಕುಗ್ಗುತ್ತಿರುವಾಗಲೇ ಬಲೆಗಳು ಹಿಗ್ಗುತ್ತಿವೆ. ಸಾಕುಮೀನಿನ ಮೇವಿಗೂ ಔಷಧದ ಎಣ್ಣೆಗೂ ಕ್ರಿಲ್ ಬೇಕಾಗಿದೆ. ಅಲ್ಲಿಯ ಜೀವಸಂಪತ್ತಿನ ರಕ್ಷಣೆಗೆಂದು 1980ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ಆಯೋಗವೊಂದಿದೆ. ಭಾರತವೂ ಅದರ ಸದಸ್ಯರಾಷ್ಟ್ರ. ಅಟ್ಲಾಂಟಿಕ್ ಕಡೆಯ ದಕ್ಷಿಣ ಸಮುದ್ರದಲ್ಲಿ ವರ್ಷಕ್ಕೆ 6,20,000 ಟನ್ ಕ್ರಿಲ್ ಹಿಡಿದೊಡನೆ ನಿಲ್ಲಿಸಬೇಕೆಂಬುದು ಅದರ ನಿಯಮ. ಅಷ್ಟನ್ನೂ ಒಂದೇ ಮೂಲೆಯಲ್ಲಿ ಬಾಚದೆ ಹಂಚಿ ಹಿಡಿಯಬೇಕೆಂಬ ಇನ್ನೊಂದು ನಿಯಮವಿತ್ತು. ಸದಸ್ಯರು ಒಮ್ಮತಕ್ಕೆ ಬಾರದೆ ಅದು 2024ರಲ್ಲಿ ಬಿದ್ದುಹೋಯಿತು. ಮರುವರ್ಷವೇ, ಅಂದರೆ 2025ರಲ್ಲಿ, ಮೊಟ್ಟಮೊದಲ ಬಾರಿಗೆ ಆ ಮಿತಿ ಮುಟ್ಟಿ, ಹಂಗಾಮು ಮುಗಿಯುವ ಮೊದಲೇ ಬೇಟೆಯನ್ನು ನಿಲ್ಲಿಸಬೇಕಾಯಿತು.

ಇದು ಹೊಸ ಕಥೆಯೇನೂ ಅಲ್ಲ. 1904ರಲ್ಲಿ ಸೌತ್ ಜಾರ್ಜಿಯ ದ್ವೀಪದಲ್ಲಿ ತಿಮಿಂಗಿಲ ಬೇಟೆಯ ಕೇಂದ್ರ ತೆರೆಯಿತು. ತಿಮಿಂಗಿಲಗಳ ಬಾಳು ಹೇಗೆ, ಅವು ಏನು ತಿನ್ನುತ್ತವೆ ಎಂಬುದನ್ನು ಕ್ರಮವಾಗಿ ಅರಿಯಲು ಡಿಸ್ಕವರಿ ಸಂಶೋಧನೆಗಳೆಂಬ ಕಾರ್ಯ ಮೊದಲಾದುದು 1925ರಲ್ಲಿ. ಅದೂ ತಿಮಿಂಗಿಲದ ಎಣ್ಣೆಯ ಮೇಲಿನ ತೆರಿಗೆಯ ಹಣದಿಂದ! ಎರಡು ಲಕ್ಷಕ್ಕೂ ಮಿಗಿಲಾಗಿದ್ದವೆಂದು ಅಂದಾಜಿರುವ ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು 1970ರ ದಶಕದ ಹೊತ್ತಿಗೆ ಕೆಲವೇ ನೂರಕ್ಕಿಳಿದವು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು.

ನಮ್ಮ ಗಣಿಯ ಮಾತೂ ಇದೇ ಅಲ್ಲವೆ? 1880ರ ಸುಮಾರಿಗೆ ಮೊದಲಾಗಿ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಈ ನೆಲದಿಂದ ಹೊರಟ ಚಿನ್ನ ಸುಮಾರು 800 ಟನ್ ಎಂದು ಯಾರು ಬೇಕಾದರೂ ಹೇಳಬಲ್ಲರು. ಆದರೆ ಮೂರು ಕೋಟಿ ಟನ್ನಿಗೂ ಮಿಗಿಲಾದ ಆ ಹುಡಿ ದಿಬ್ಬವಾಗಿ ಏಳುವ ಮುನ್ನ ಇಲ್ಲಿಯ ಗಾಳಿ ಹೇಗಿತ್ತು, ಬಾವಿಯ ನೀರು ಹೇಗಿತ್ತು ಎಂದು ಕೇಳಿದರೆ ನಮ್ಮ ಮನೆಯಲ್ಲಿ ಉತ್ತರ ಹೇಳುವವರಿಲ್ಲ. ಬೇಸಿಗೆಯ ಗಾಳಿ ಎದ್ದರೆ ಅಮ್ಮ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ, ಅದರ ಮೇಲೊಂದು ಬಟ್ಟೆ ಹೊದಿಸುತ್ತಾಳೆ. ನಮಗೆ ತಿಳಿದಿರುವ ಪರಿಸರವಿಜ್ಞಾನ ಅಷ್ಟೇ.

ಗಣಿಯೊಳಗೆ ಇಳಿದು ದುಡಿದ ನನ್ನ ತಾತನಿಗೆ ಈ ಲೇಖನದ ವಿಷಯ ಹೇಳಿದೆ. ಆತ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಪ್ಪಾ, ಅಲ್ಲಿ ಜನಾನೇ ಇಲ್ಲ ಅಂತೀಯ. ಹಂಗಾದ್ರೆ ಲೆಕ್ಕ ಕೇಳೋರು ಯಾರು?" ಎಂದ. ನಾನು ಓದಿದ ಪುಸ್ತಕಗಳಾವುವೂ ಇಷ್ಟು ನೇರವಾಗಿ ಕೇಳಿರಲಿಲ್ಲ. ನಮ್ಮಲ್ಲಿ ಕೂಲಿಯವರಿಗೆ ಸಂಘವಿತ್ತು, ಮುಷ್ಕರವಿತ್ತು. ಕ್ರಿಲ್ಲಿಗೆ ಯಾವ ಸಂಘ? ಅಲ್ಲಿ ಲೆಕ್ಕ ಕೇಳಬಲ್ಲವನು ಸಂಶೋಧಕನೊಬ್ಬನೇ. ಆದ್ದರಿಂದ ಅವನು ಮೊದಲು ಯಾವ ಲೆಕ್ಕವನ್ನಿಡಬೇಕೆಂಬುದು ವಿಜ್ಞಾನಿಗಳಿಗಷ್ಟೇ ಬಿಟ್ಟ ವಿಷಯವಾಗಲಾರದು.

ನನ್ನ ಅಲ್ಪಮತಿಗೆ ತೋಚುವುದಿಷ್ಟು. ಮೊದಲನೆಯದಾಗಿ, ಚಳಿಗಾಲವನ್ನು ಅರಿಯಬೇಕು. ಹಡಗುಗಳು ಹೋಗಬಲ್ಲ ಬೇಸಿಗೆಯಲ್ಲೇ ಹೆಚ್ಚಿನ ಅಧ್ಯಯನವೆಲ್ಲ ನಡೆದಿದೆ. ಕ್ರಿಲ್ ಮರಿಯ ಅಳಿವು ಉಳಿವು ತೀರ್ಮಾನವಾಗುವುದಾದರೋ ಚಳಿಗಾಲದ ಕತ್ತಲಲ್ಲಿ. ಈ ಕೆಲಸ ನಮ್ಮವರಿಂದ ಆಗದ್ದಲ್ಲ. ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡಿನ ಕಾಂಗ್ಸ್‌ಫ್ಯೋರ್ಡಿನಲ್ಲಿ, ಭಾರತವು 2014ರಲ್ಲಿ ಇಂಡಾರ್ಕ್ ಎಂಬ ಉಪಕರಣಮಾಲೆಯನ್ನು ನೀರೊಳಗೆ ಇಳಿಸಿತು. ಅದು ಚಳಿಗಾಲದಲ್ಲೂ ನೀರಿನ ಕಾವು, ಉಪ್ಪುಗಳನ್ನು ಅಳೆಯುತ್ತದೆ. 2023ರ ಡಿಸೆಂಬರಿನಲ್ಲಿ ಅಲ್ಲಿಯ ಹಿಮಾದ್ರಿ ಕೇಂದ್ರಕ್ಕೆ ನಮ್ಮ ಮೊದಲ ಚಳಿಗಾಲದ ತಂಡವೂ ಹೋಯಿತು. ದಕ್ಷಿಣದಲ್ಲಿ ಮೈತ್ರಿ ಕೇಂದ್ರ ಸಮುದ್ರದಿಂದ ದೂರ. ಆದರೆ 2012ರಲ್ಲಿ ತೆರೆದ ಭಾರತಿ ಕೇಂದ್ರವು ಕಡಲದಡದಲ್ಲೇ ಇದೆ, ವರ್ಷವಿಡೀ ಜನರಿರುತ್ತಾರೆ. ಹಿಮದ ಕೆಳಗಣ ನೀರನ್ನು ವರ್ಷದ ಹನ್ನೆರಡು ತಿಂಗಳೂ ಅಳೆಯುವ ಕೆಲಸಕ್ಕೆ ಅದಕ್ಕಿಂತ ತಕ್ಕ ಸ್ಥಳ ನಮಗೆ ಬೇರಿಲ್ಲ.

ಎರಡನೆಯದಾಗಿ, ದೊಡ್ಡದಕ್ಕಿಂತ ಸಣ್ಣದನ್ನು ಮೊದಲು ನೋಡಬೇಕು. ಪೆಂಗ್ವಿನ್ನಿನ ಚಿತ್ರ ಎಲ್ಲರಿಗೂ ಪ್ರಿಯ; ಪಾಚಿಯ ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕರು. ಆದರೆ ಪಾಚಿ ಕೆಟ್ಟರೆ ಪೆಂಗ್ವಿನ್ ಉಳಿಯದು. ಇದರಲ್ಲಿ ನಮ್ಮ ಸ್ವಾರ್ಥವೂ ಇದೆ. ದಕ್ಷಿಣ ಸಮುದ್ರದ ನೀರು ಬೇರೆ ಸಾಗರಗಳಿಗೆ ಪೋಷಕಾಂಶಗಳನ್ನು ಹೊತ್ತು ತರುತ್ತದೆ. ಆ ಸಾಗರಗಳ ಮೀನಿನ ಬೆಳೆಗೆ ದೂರದಿಂದ ಬರುವ ಗೊಬ್ಬರ ಅದು.

ಮೂರನೆಯದಾಗಿ, ಲೆಕ್ಕ ಮೊದಲು, ಬಲೆ ಆಮೇಲೆ ಎಂಬುದು ನಿಯಮವಾಗಬೇಕು. ಇದು ಬರಿಯ ಕನಸಲ್ಲ. ಆರ್ಕ್ಟಿಕ್ ಸಾಗರದ ನಡುಭಾಗದಲ್ಲಿ ಹಿಮ ಕರಗಿ ಹೊಸ ನೀರು ತೆರೆದುಕೊಳ್ಳತೊಡಗಿದಾಗ, ಒಂಬತ್ತು ರಾಷ್ಟ್ರಗಳೂ ಯುರೋಪಿನ ಒಕ್ಕೂಟವೂ 2018ರಲ್ಲಿ ಕುಳಿತು, ಅಲ್ಲಿಯ ಜೀವರಾಶಿಯನ್ನು ಅರಿಯುವವರೆಗೆ ವ್ಯಾಪಾರದ ಮೀನುಗಾರಿಕೆ ಬೇಡವೆಂದು ಒಪ್ಪಿದವು. 2021ರಲ್ಲಿ ಜಾರಿಗೆ ಬಂದ ಆ ಒಪ್ಪಂದದ ಮೊದಲ ಅವಧಿ ಹದಿನಾರು ವರ್ಷ. ಉತ್ತರದಲ್ಲಿ ಸಾಧ್ಯವಾದದ್ದು ದಕ್ಷಿಣದಲ್ಲಿ ಏಕಾಗಬಾರದು?

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆ?" ಎಂದು ಕೆಲವರು ಆಕ್ಷೇಪಿಸಬಹುದು. ಕುಡಿಯುವ ನೀರಿಗೇ ತತ್ವಾರವಿರುವ ಕೋಲಾರ ಜಿಲ್ಲೆಯವರು ಹಿಮಸಮುದ್ರಕ್ಕೆ ಹಣ ಸುರಿಯಿರೆನ್ನುವುದೆ? ಆಕ್ಷೇಪ ನ್ಯಾಯವಾದುದೇ. ಆದರೆ ನಮಗೆ ನೀರಿಲ್ಲದಂತಾದುದು ಹೇಗೆ? ನೆಲದಡಿ ಎಷ್ಟಿದೆಯೆಂದು ಎಣಿಸದೆ ಕೊಳವೆಬಾವಿಯ ಮೇಲೆ ಕೊಳವೆಬಾವಿ ಕೊರೆದುದರಿಂದ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಬಂದು ನಮ್ಮ ಕೆರೆಗಳನ್ನು ತುಂಬಬೇಕಾಯಿತು. ಎಣಿಸದೆ ತೆಗೆದರೆ ಏನಾಗುವುದೆಂದು ನಮ್ಮಷ್ಟು ಬಲ್ಲವರು ಯಾರು? ನಾನು ಕೇಳುತ್ತಿರುವುದು ಮಲ್ಲಿಗೆಯನ್ನಲ್ಲ, ಹಿಟ್ಟಿನ ಲೆಕ್ಕವನ್ನು.

ಇನ್ನು, ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗಿಲ್ಲಿ ಏನು ಕೆಲಸ? ಬೇಕಾದಷ್ಟಿದೆ. ಆ ಆಯೋಗದಲ್ಲಿ ತೀರ್ಮಾನಗಳಾಗುವುದು ಸೂಕ್ಷ್ಮದರ್ಶಕದಿಂದಲ್ಲ, ಒಮ್ಮತದಿಂದ. ಅಲ್ಲಿ ಕಾನೂನು, ಅರ್ಥಶಾಸ್ತ್ರ, ಇತಿಹಾಸಗಳ ಮಾತಿಗೂ ಎಡೆಯುಂಟು. ಪೂರ್ವ ಅಂಟಾರ್ಕ್ಟಿಕ ಮತ್ತು ವೆಡ್ಡೆಲ್ ಸಮುದ್ರಗಳಲ್ಲಿ ರಕ್ಷಿತ ವಲಯಗಳನ್ನು ಮಾಡಬೇಕೆಂಬ ಪ್ರಸ್ತಾವನೆಗೆ ಭಾರತವು 2021ರಲ್ಲಿ ಬೆಂಬಲವಿತ್ತಿತು. 2024ರ ಸಭೆಯಲ್ಲೂ ಅದಕ್ಕೆ ಒಮ್ಮತ ದೊರೆಯಲಿಲ್ಲ. ಇಂಥ ಸಭೆಗಳಲ್ಲಿ ನಾಳೆ ಕೂರಬೇಕಾದವರು ಇಂದು ಎಲ್ಲೋ ಒಂದು ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಅದು ನಮ್ಮ ಕಾಲೇಜಿನ ಬೆಂಚೇ ಏಕಾಗಬಾರದು?

ಟೇಲರ್ ಕಂಪನಿಯವರು ನಮ್ಮ ನೆಲದಲ್ಲಿ ಚಿನ್ನ ತೆಗೆಯಲು ಬಂದ ಕಾಲಕ್ಕೇ, 1882-83ರಲ್ಲಿ, ಹನ್ನೆರಡು ರಾಷ್ಟ್ರಗಳು ಸೇರಿ ಮೊದಲ ಅಂತರರಾಷ್ಟ್ರೀಯ ಧ್ರುವ ವರ್ಷವನ್ನು ನಡೆಸಿದವು. ಒಂದು ಕಡೆ ತೆಗೆಯುವ ಕೆಲಸ, ಇನ್ನೊಂದು ಕಡೆ ಅಳೆಯುವ ಕೆಲಸ ಏಕಕಾಲಕ್ಕೆ ಮೊದಲಾಯಿತು. 2032-33ರಲ್ಲಿ ಐದನೆಯ ಧ್ರುವ ವರ್ಷವನ್ನು ನಡೆಸಲು ಸಿದ್ಧತೆ ಸಾಗಿದೆ. ಆ ಹೊತ್ತಿಗೆ ಅಧ್ಯಾಪಕರೋ ಅಧಿಕಾರಿಗಳೋ ಆಗಿರುವ ಗೆಳೆಯರು ತಾತನ ಪ್ರಶ್ನೆಯನ್ನು ಮರೆಯದಿರಲಿ. ಲೆಕ್ಕ ಕೇಳುವವರಿಲ್ಲದ ಕಡೆ ದಿಬ್ಬಗಳಷ್ಟೇ ಉಳಿಯುತ್ತವೆ. ಸಮುದ್ರದಲ್ಲಿ ಅವು ಕೂಡ ಕಣ್ಣಿಗೆ ಬೀಳುವುದಿಲ್ಲ.