ಗಿಟಾರಿಗೆ ವಯಸ್ಸುಂಟೆ?

ಕಳೆದ ವೈಶಾಖದಲ್ಲಿ ಹುಣಸೂರಿನ ಒಂದು ಮದುವೆಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಪಕ್ಕದ ಎಲೆಯಲ್ಲಿದ್ದ ಹಿರಿಯರೊಬ್ಬರು ನನ್ನ ಎಡಗೈಯ ಬೆರಳುಗಳನ್ನು ಕಂಡು, "ಏನು ಮೇಷ್ಟ್ರೇ, ಬೆರಳಿನ ತುದಿಯೆಲ್ಲ ಜಡ್ಡುಗಟ್ಟಿದೆಯಲ್ಲ?" ಎಂದು ಕೇಳಿದರು. ಗಿಟಾರಿನ ತಂತಿಯನ್ನು ಒತ್ತಿ ಒತ್ತಿ ಹಾಗಾಗಿದೆಯೆಂದು ಹೇಳಿದೆನು. ಅವರು ಒಬ್ಬಟ್ಟನ್ನು ಅರ್ಧಕ್ಕೆ ನಿಲ್ಲಿಸಿ ನಕ್ಕರು. "ಇನ್ನೂ ಬಿಟ್ಟಿಲ್ಲವೆ ಅದನ್ನು? ಅರವತ್ತಾಯಿತಲ್ಲ, ಸ್ವಾಮೀ! ಯಾವುದಾದರೂ ಭಜನಾಮಂಡಲಿಯನ್ನು ಸೇರಿಕೊಳ್ಳಿ" ಎಂದರು. ಪಂಕ್ತಿಯಲ್ಲಿದ್ದ ನಾಲ್ಕಾರು ಮಂದಿ ನಕ್ಕರು. ನಾನೂ ನಕ್ಕೆನು. ಹಾಗೆ ನಕ್ಕದ್ದು ನನ್ನ ತಪ್ಪು; ಅದನ್ನು ತಿದ್ದಿಕೊಳ್ಳುವುದಕ್ಕೆಂದೇ ಈ ಲೇಖನ.

ಮೊದಲು ನಮ್ಮ ಸಂಗತಿ. ನಾವು ನಾಲ್ವರಿದ್ದೇವೆ. ನಾನು ಹುಣಸೂರಿನವನು, ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿ ನಿವೃತ್ತನಾದವನು. ಡ್ರಮ್ಸ್ ಬಾರಿಸುವವರು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರು. ಬೇಸ್ ಗಿಟಾರಿನವರು ಕೃಷ್ಣರಾಜನಗರದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಹಾಡುವವರು ಹೆಗ್ಗಡದೇವನಕೋಟೆಯಿಂದ ಬರುತ್ತಾರೆ. ಅವರಿಗೆ ಈಗ ಅರವತ್ಮೂರು. ೧೯೮೪ರಲ್ಲಿ ಮೈಸೂರಿನಲ್ಲಿ ಓದುತ್ತಿದ್ದಾಗ ಕಲ್ಕತ್ತೆಯಲ್ಲಿ ತಯಾರಾದ ಒಂದೇ ಗಿಟಾರನ್ನು ಮೂವರು ಹಂಚಿಕೊಂಡು, ಕ್ಯಾಸೆಟ್ಟನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಕೇಳುತ್ತ ಕಲಿತದ್ದು ಈ ವಿದ್ಯೆ. ಹೊಗೆಸೊಪ್ಪನ್ನು ಬೇಯಿಸುವ ಕಾಲ ಮುಗಿದ ಮೇಲೆ ನಮ್ಮ ಗೆಳೆಯರ ಬ್ಯಾರನ್ನು ಖಾಲಿಯಾಗುತ್ತದೆ. ಅದರ ಗೋಡೆ ದಪ್ಪ, ಕಿಟಕಿಯಿಲ್ಲ, ಸದ್ದು ಹೊರಗೆ ಹೋಗುವುದು ಕಡಮೆ. ಭಾನುವಾರಗಳಂದು ಅಲ್ಲಿ ನಮ್ಮ ರಾಕ್ ಸಂಗೀತ ನಡೆಯುತ್ತದೆ. ಇದರಿಂದ ನಮಗೆ ಒಂದು ಕಾಸೂ ಹುಟ್ಟಿಲ್ಲ. ತಂತಿಗೂ ಪೆಟ್ರೋಲಿಗೂ ಕೈಯಿಂದಲೇ ಹೋಗಿದೆ.

"ಈ ವಯಸ್ಸಿನಲ್ಲಿ ಇದೇಕೆ?" ಎಂಬ ಪ್ರಶ್ನೆಯನ್ನು ನಮ್ಮ ಜನ ಎಲ್ಲ ವಾದ್ಯಕ್ಕೂ ಕೇಳುವರೇ ಎಂಬುದನ್ನು ವಾಚಕರು ಸ್ವಲ್ಪ ಆಲೋಚಿಸಬೇಕು. ನಮ್ಮ ಸೀಮೆಯಲ್ಲಿ 'ಕುರುಕ್ಷೇತ್ರ' ನಾಟಕವಾಡದ ಹಳ್ಳಿ ವಿರಳ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರ ಮುಂದೆ ಕುಳಿತು ಮಟ್ಟುಗಳನ್ನು ಕಲಿತು, ತಮ್ಮ ಪಾತ್ರಕ್ಕೆ ತಾವೇ ಹಣ ತೆತ್ತು, ಬಾಡಿಗೆಯ ಪರದೆಯ ಮುಂದೆ ಬೆಳಗಾಗುವವರೆಗೆ ಹಾಡುವವರು ಯಾರು? ಬೇಸಾಯಗಾರರು, ಅಂಗಡಿಯವರು, ಪಂಚಾಯತಿಯ ಸದಸ್ಯರು. ಅವರಲ್ಲಿ ಐವತ್ತೈದು ದಾಟಿದ ಕೃಷ್ಣನೂ ಉಂಟು, ಮೊಮ್ಮಕ್ಕಳನ್ನು ಕಂಡ ಅಭಿಮನ್ಯುವೂ ಉಂಟು. ಮುಖಕ್ಕೆ ಬಣ್ಣ ಬಳಿದು ಬಿಲ್ಲು ಹಿಡಿದು ನಿಂತ ಅಜ್ಜನನ್ನು ಊರವರು ಹಂಗಿಸುವರೆ? ಹಾರ ಹಾಕುತ್ತಾರೆ, ಎದೆಗೆ ನೋಟು ಚುಚ್ಚುತ್ತಾರೆ, 'ಒನ್ಸ್ ಮೋರ್' ಎಂದು ಕೂಗುತ್ತಾರೆ. ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವಾಗ ನರೆತ ತಲೆಯೇ ಮೇಳಕ್ಕೆ ಮರ್ಯಾದೆ. ಹೀಗಿರುವಾಗ ಗಿಟಾರಿಗೆ ಮಾತ್ರ ನಿವೃತ್ತಿಯ ವಯಸ್ಸನ್ನು ಗೊತ್ತುಮಾಡಿದವರು ಯಾರು?

ಅದು ಪರದೇಶದ್ದು ಎನ್ನುವವರುಂಟು. ಪಿಟೀಲೂ ಪರದೇಶದ್ದೇ, ಅದಕ್ಕೆ ಏಳು ತಂತಿ ಹೂಡಿ ಕಛೇರಿ ಮಾಡಿದ ಚೌಡಯ್ಯನವರು ನಮ್ಮ ಜಿಲ್ಲೆಯ ತಿರುಮಕೂಡಲಿನವರು. ಹಾರ್ಮೋನಿಯಂ ಯೂರೋಪಿನದೆಂಬ ಕಾರಣವೂ ಸೇರಿ ರೇಡಿಯೋದವರು ೧೯೪೦ರಲ್ಲಿ ಅದನ್ನು ಹೊರಗಿಟ್ಟರು; ಮೂವತ್ತು ವರ್ಷಗಳ ತರುವಾಯ ಒಳಗೆ ಕರೆದರು. ಅಷ್ಟರಲ್ಲಿ ನಮ್ಮ ಹಳ್ಳಿಯ ನಾಟಕದ ಮೇಷ್ಟರಾರೂ ಅದನ್ನು ಕೆಳಗಿಡಲಿಲ್ಲ. ಕದ್ರಿ ಗೋಪಾಲನಾಥರು ಬಾಲ್ಯದಲ್ಲಿ ಸ್ಯಾಕ್ಸೊಫೋನಿಗೆ ಮರುಳಾದದ್ದು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ.

ಅರಮನೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಅರಿಕೆ ಮಾಡುತ್ತೇನೆ. ಇದನ್ನು ನಮ್ಮ ವಿದ್ಯಾವಂತರಲ್ಲಿಯೂ ಬಹಳ ಮಂದಿ ಬಲ್ಲವರಲ್ಲ. ಮೆಟ್ನರ್ ಎಂಬ ರಷ್ಯದ ಸಂಗೀತಕಾರನೊಬ್ಬನು ದೇಶ ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ್ದನು. ಹೃದಯದ ಬೇನೆ ಹಿಡಿದಿತ್ತು. ಜಗತ್ತು ಅವನನ್ನು ಮರೆಯುತ್ತಿತ್ತು. ಆಗ ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಣ ಮಾಡಿಸುವುದಕ್ಕೆ ಹಣ ಕೊಟ್ಟವರು ನಮ್ಮ ಶ್ರೀ ಜಯಚಾಮರಾಜ ಒಡೆಯರು. ವಾದ್ಯವೃಂದದೊಡನೆ ಅವನ ಪಿಯಾನೋ ಕೃತಿಗಳ ಮುದ್ರಣ ನಡೆದ ೧೯೪೭ರಲ್ಲಿ ಅರಸರಿಗೆ ಇಪ್ಪತ್ತೆಂಟು, ಮೆಟ್ನರನಿಗೆ ಅರವತ್ತೇಳು. ಅರಸರೂ ಪಿಯಾನೋ ಬಲ್ಲವರು. ಮುಪ್ಪಿನವನ ಬೆರಳು ತರುಣನ ಬೆರಳಿನಂತೆ ಓಡದೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. ಆದರೂ ಆ ಕೃತಿಗಳನ್ನು ಬೇರೊಬ್ಬ ತರುಣನಿಂದ ನುಡಿಸಿರೆಂದು ಹೇಳಲಿಲ್ಲ. ಕರ್ತೃವು ಬದುಕಿರುವಾಗಲೇ ಅವನ ಕೈಯ ಗುರುತು ಉಳಿಯಲೆಂದು ಬಯಸಿದರು. ಆ ಮುದ್ರಣಗಳು ಇಂದಿಗೂ ಕೇಳಲು ದೊರೆಯುತ್ತವೆ. ಮೈಸೂರಿನ ಹಣದಿಂದ ಲಂಡನ್ನಿನ ಒಬ್ಬ ಮುದುಕನು ನುಡಿಸಿದನು. ಹುಣಸೂರಿನ ಮುದುಕನು ತನ್ನ ಹಣದಿಂದ ನುಡಿಸಿದರೆ ಪಂಕ್ತಿಯಲ್ಲಿ ನಗೆ!

ಇನ್ನು ಬಲವಾದ ಆಕ್ಷೇಪಣೆಗೆ ಬರುತ್ತೇನೆ. ರಾಕ್ ಎಂಬುದೇ ಯೌವನದ ಕೂಗು, ಹಿರಿಯರ ಮೇಲಿನ ದಂಗೆ. ಹಿರಿಯನೇ ಅದನ್ನು ಕೂಗಿದರೆ ಯಾರ ಮೇಲೆ ದಂಗೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಆ ಸಂಗೀತವನ್ನು ಕಟ್ಟಿದವರೇ ಹಾಗೆ ಸಾರಿದರು. ಆದರೆ ಅವರೂ ಮುದುಕರಾದರಷ್ಟೆ. ಮುಪ್ಪನ್ನು ಹೀಯಾಳಿಸಿದ ಹಾಡಿನಿಂದ ೧೯೬೫ರಲ್ಲಿ ಹೆಸರಾದ 'ದಿ ಹೂ' ತಂಡದ ಪೀಟ್ ಟೌನ್‌ಶೆಂಡ್ ಎಪ್ಪತ್ತು ದಾಟಿದ ಮೇಲೂ ಅದನ್ನೇ ನುಡಿಸಿದನು. ೨೦೦೩ರ ಏಪ್ರಿಲ್ ೪ರಂದು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಹಾಡಿದಾಗ ಗಾಯಕ ಮಿಕ್ ಜ್ಯಾಗರನಿಗೆ ಐವತ್ತೊಂಬತ್ತು, ಡ್ರಮ್ಸಿನ ಚಾರ್ಲಿ ವಾಟ್ಸನಿಗೆ ಅರವತ್ತೊಂದು. ನಮ್ಮ ದೊಡ್ಡ ಮನುಷ್ಯರು ಟಿಕೆಟ್ಟು ಕೊಂಡು ಹೋಗಿ ಕುಣಿದು ಬಂದರು. ಎರಡು ವರ್ಷದ ತರುವಾಯ ಅದೇ ಮೈದಾನದಲ್ಲಿ ಸಿ. ಅಶ್ವತ್ಥರು 'ಕನ್ನಡವೇ ಸತ್ಯ' ನಡೆಸಿದರು. ಅವರಿಗೆ ಆಗ ಅರವತ್ತೈದು. ಜನಸಾಗರವೇ ನೆರೆದಿತ್ತು, ಯಾರೂ ವಯಸ್ಸು ಕೇಳಲಿಲ್ಲ.

ಏತಕ್ಕೆ ಕೇಳಲಿಲ್ಲವೆಂದರೆ, ಅವರು ಪ್ರಸಿದ್ಧರು. ಇದೇ ಇಲ್ಲಿಯ ಮರ್ಮ. ನಮ್ಮ ಜನರಿಗೆ ಆಕ್ಷೇಪವಿರುವುದು ವಯಸ್ಸಿನ ಮೇಲಲ್ಲ, ಲಾಭವಿಲ್ಲದ ಶ್ರಮದ ಮೇಲೆ. ಅರವತ್ತರಲ್ಲಿ ಹಣ ತರುವವನು ಕಲಾವಿದ. ಹಣ ತರದವನಿಗೆ ಹುಚ್ಚು. ಇಪ್ಪತ್ತರಲ್ಲಿಯಾದರೆ ಹವ್ಯಾಸಿಯನ್ನು ಕ್ಷಮಿಸುತ್ತಾರೆ, ಮುಂದೆ ಏನಾದರೂ ಆದಾನೆಂಬ ಆಸೆಯಿಂದ. ಆ ಆಸೆ ಕಳೆದ ಮೇಲೂ ಅವನು ನುಡಿಸುತ್ತಿದ್ದರೆ ಅವರಿಗೆ ಲೆಕ್ಕ ಕೂಡುವುದಿಲ್ಲ. ಗಣಿತದ ಮೇಷ್ಟರಾಗಿ ಹೇಳುತ್ತೇನೆ, ಆ ಲೆಕ್ಕವೇ ತಪ್ಪು.

ದೇಹವು ಸೋಲುವುದನ್ನು ನಾನು ಮರೆಮಾಚುವುದಿಲ್ಲ. ಮಾಗಿಯ ಬೆಳಿಗ್ಗೆ ನನ್ನ ಬೆರಳ ಗಿಣ್ಣುಗಳು ಬಿಡಿಸಿಕೊಳ್ಳಲು ಅರ್ಧ ಗಂಟೆ ಬೇಕು; ಬಿಸಿನೀರಿನಲ್ಲಿ ಕೈಯಿಟ್ಟು ಹೊರಡುತ್ತೇನೆ. ತೆಳುವಾದ ತಂತಿ ಹಾಕಿಸಿದ್ದೇನೆ. ಕೋಟೆಯ ಗೆಳೆಯರಿಗೆ ಮೇಲಿನ ಸ್ವರ ಎಟುಕದಾದಾಗ ಎಲ್ಲರೂ ಶ್ರುತಿಯನ್ನು ಅರ್ಧ ಸ್ವರ ಇಳಿಸಿದೆವು, ಆಮೇಲೆ ಇನ್ನರ್ಧ. ಮೊದಲ ದಿನ ಅವರು ಅಪಮಾನವಾದವರಂತೆ ಮಾತಿಲ್ಲದೆ ಕುಳಿತಿದ್ದರು. ಇಳಿಸಿದ ಶ್ರುತಿಯಲ್ಲಿ ಅವರ ಕಂಠಕ್ಕೆ ಹಿಂದೆ ಇಲ್ಲದಿದ್ದ ಒಂದು ತೂಕ ಬಂದಿತು. ಗಂಗೂಬಾಯಿ ಹಾನಗಲ್ಲರ ಕಂಠವೂ ಚಿಕಿತ್ಸೆಯೊಂದರ ತರುವಾಯ ಗಡುಸಾಯಿತಷ್ಟೆ. ಹಳೆಯ ದನಿಗಾಗಿ ಹಲುಬದೆ ಹೊಸ ದನಿಯಿಂದ ಅವರು ತೊಂಬತ್ತು ದಾಟುವವರೆಗೆ ಹಾಡಿದರು. ಕಿವಿಯ ವಿಷಯ ಮಾತ್ರ ಬೇರೆ. ಅಲ್ಲಿ ಹೋದದ್ದು ಮರಳಿ ಬಾರದು. ಎಂಬತ್ತೈದು ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕೆ ಇಳಿಯುತ್ತದೆ. ನೂರಕ್ಕೆ ಹದಿನೈದು ನಿಮಿಷ. ಇದನ್ನು ತಿಳಿಯದೆ ನಮ್ಮ ಡ್ರಮ್ಸಿನವರು ಮೂವತ್ತು ವರ್ಷ ಬಾರಿಸಿದರು. ಈಗ ಅವರ ಎಡಗಿವಿಯಲ್ಲಿ ರಾತ್ರಿಯೆಲ್ಲ ಜೀರುಂಡೆ ಕೂಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನ್ನ ಪಕ್ಷ ಗೆದ್ದಿತೆಂದು ಹಿಗ್ಗಬಹುದಾಗಿತ್ತು. ಆದರೆ ನಮ್ಮ ಮೇಲೆಯೇ ಹೊರಿಸಬೇಕಾದ ಒಂದು ದೂರಿದೆ. ಎರಡು ವರ್ಷದ ಕೆಳಗೆ ಒಂದು ಭಾನುವಾರ, ಪಿ.ಯು. ಓದುವ ಹುಡುಗನೊಬ್ಬನು ಹತ್ತಿರದ ಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ಬ್ಯಾರನ್ನಿನ ಬಾಗಿಲಲ್ಲಿ ನಿಂತನು. ಬೆನ್ನಿಗೆ ಗೋಣಿಯಲ್ಲಿ ಸುತ್ತಿದ ಗಿಟಾರು. ಕಿವಿಯಿಂದಲೇ ಶ್ರುತಿ ಕೂಡಿಸುವುದನ್ನು ತೋರಿಸಿರೆಂದು ಕೇಳಿದನು. ಹಳೆಯ ವಿದ್ಯಾರ್ಥಿಗಳ ಸಮ್ಮೇಳನವೊಂದಕ್ಕಾಗಿ ನಲವತ್ತು ವರ್ಷದ ಹಿಂದಿನ ಅವೇ ಏಳು ಹಾಡುಗಳನ್ನು ನಾವು ತಿಕ್ಕುತ್ತಿದ್ದೆವು. ಇಬ್ಬರು ತಲೆಗೆ ಬಣ್ಣವನ್ನೂ ಹಾಕಿಸಿಕೊಂಡಿದ್ದರು. "ಎಲ್ಲ ಫೋನಿನಲ್ಲೇ ಇದೆಯಪ್ಪ, ನೋಡಿಕೋ" ಎಂದೆನು. ಹೌದು, ಹೇಳಿದವನು ನಾನೇ. ಹುಡುಗ ಒಂದು ಗಂಟೆ ಮೂಲೆಯಲ್ಲಿ ಕುಳಿತಿದ್ದು ಹೋದನು. ಕಳೆದ ವರ್ಷ ಸಂತೆಯಲ್ಲಿ ಸಿಕ್ಕಿದಾಗ ಕೇಳಿದೆ. "ಮಾರ್ಬಿಟ್ಟೆ ಸಾರ್" ಎಂದನು. "ಇದನ್ನ ಹಿಡಿದು ನಮ್ಮ ಕಡೆ ಯಾರು ಏನಾಗವ್ರೆ ಅಂತ ಅಪ್ಪ ಕೇಳಿದ್ರು. ಒಬ್ಬರ ಹೆಸರೂ ಹೇಳಕ್ಕಾಗ್ಲಿಲ್ಲ."

ನಾವು ನಾಲ್ವರು ಅವನ ಕಣ್ಣೆದುರಿಗೇ ಇದ್ದೆವು! ನೌಕರಿ ಮಾಡಿ, ಬೆಳೆ ತೆಗೆದು, ಮಕ್ಕಳ ಮದುವೆ ಮಾಡಿ, ಅದರ ನಡುವೆಯೇ ನಲವತ್ತು ವರ್ಷ ಈ ವಾದ್ಯವನ್ನು ಬಿಡದವರು. ಅವನ ತಂದೆಗೆ ತೋರಿಸಬಹುದಾದ ಉತ್ತರ ನಾವೇ ಆಗಿದ್ದೆವು. ಗೋಡೆಯ ಹಿಂದೆ ಅಡಗಿದ್ದೆವು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಸಂಗೀತವನ್ನು ಪ್ರತಿ ತಲೆಮಾರಿನ ಹುಡುಗರೂ ಹೊಸದಾಗಿ, ಒಂಟಿಯಾಗಿ ತೊಡಗಿ, ಇಪ್ಪತ್ತೈದಕ್ಕೆ ಬಿಡುತ್ತಾರೆ. ಹಾರ್ಮೋನಿಯಮ್ಮಿಗೆ ಮೇಷ್ಟರಿದ್ದಾರೆ, ಅವರಿಗೆ ಶಿಷ್ಯರಿದ್ದಾರೆ. ಆದುದರಿಂದ 'ಕುರುಕ್ಷೇತ್ರ' ನಡೆಯುತ್ತಿದೆ. ಗಿಟಾರಿಗೆ ಹಿರಿಯರೇ ಇಲ್ಲದಂತೆ ಮಾಡಿದವರು ಪಂಕ್ತಿಯಲ್ಲಿ ನಕ್ಕವರು, ಮತ್ತು ನಗೆಗೆ ಅಂಜಿ ಒಳಸೇರಿದ ನಾವು.

ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಗಮಕಕ್ಕೆ, ಸುಗಮ ಸಂಗೀತಕ್ಕೆ, ಜನಪದ ಗೀತೆಗೆ ಹೊತ್ತು ಗೊತ್ತುಮಾಡಿರುವಂತೆ ಇದಕ್ಕೂ ಒಂದು ಗಂಟೆ ಕೊಡಬೇಕೆಂದು ಕಾರ್ಯಕಾರಿ ಸಮಿತಿಗೆ ಬರೆದುಕೊಂಡಿದ್ದೇನೆ. ಕೊಟ್ಟರೆ ಬಣ್ಣವಿಲ್ಲದ ತಲೆಯಲ್ಲಿ ಬರುತ್ತೇವೆ. ಹಳೆಯ ಏಳು ಹಾಡುಗಳಲ್ಲದೆ ಕನ್ನಡದಲ್ಲಿ ನಾವೇ ಕಟ್ಟಿದ ಎರಡನ್ನು ಇಳಿಸಿದ ಶ್ರುತಿಯಲ್ಲಿ ಹಾಡುತ್ತೇವೆ. ಕೊಡದಿದ್ದರೂ, ಸೊಪ್ಪು ಬೇಯಿಸುವ ಕೆಲಸ ತೊಡಗುವವರೆಗೆ ಬ್ಯಾರನ್ನು ಖಾಲಿಯಿದೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬಾಗಿಲನ್ನು ತೆರೆದೇ ಇಟ್ಟಿರುತ್ತೇವೆ. ಆ ಹುಡುಗನಿಗೆ ನನ್ನ ಹಳೆಯ ಗಿಟಾರನ್ನು ತಂತಿ ಬದಲಿಸಿ ಇಟ್ಟಿದ್ದೇನೆ. ಮನೆಯಲ್ಲಿ ಕಲಿಯುವ ಮಕ್ಕಳಿರುವವರು ಕಳುಹಿಸಿಕೊಡಬೇಕು. ಬರುವಾಗ ಕಿವಿಗೆ ಇಟ್ಟುಕೊಳ್ಳಲು ಇಯರ್‌ಪ್ಲಗ್ ತರಲಿ.